ದುರ್ಗದ ನೀರಿಗೆ ಅದರದೇ ಕಾಲವಿದೆ: ಚಾರಣ ಪ್ರಶ್ನೋತ್ತರ

ಪ್ರಶ್ನೆ: ಪದವಿ ಪರೀಕ್ಷೆ ಮುಗಿಸಿರುವ ಆರು ಜನ ಗೆಳೆಯರು ನಾವು. ಜೋಗಿಮಟ್ಟಿ ಕಾಡಿನ ಹಿಮವತ್ ಕೇದಾರದಲ್ಲಿ ಜಲಪಾತ ಧುಮ್ಮಿಕ್ಕುವ ವಿಡಿಯೊ ನೋಡಿದೆವು. ನಮ್ಮೂರ ಪಕ್ಕದಲ್ಲೇ ಇಂಥ ಜಾಗ ಇದೆಯೆಂದು ಇಷ್ಟು ದಿನ ಗೊತ್ತಿರಲಿಲ್ಲ. ಮೇ ಎರಡನೇ ವಾರ ಬೆಳಿಗ್ಗೆ ಹೋಗಿ ಸಂಜೆ ಬರುವ ಯೋಚನೆ. ಆಗ ನೀರು ಇರುತ್ತದೆಯೇ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಇರುವುದಿಲ್ಲ. ನೀವು ನೋಡಿದ ವಿಡಿಯೊ ಬೇಸಿಗೆಯದ್ದಲ್ಲ, ಹಿಂಗಾರು ಚೆನ್ನಾಗಿ ಹಿಡಿದ ಯಾವುದೋ ವಾರದ್ದು. ಮೇ ತಿಂಗಳಲ್ಲಿ ಹೋದರೆ ಒಣಗಿದ ಬಂಡೆ, ಅದರ ಹಿಂದಿನ ಗುಹೆ, ಒಳಗಿನ ಶಿವಲಿಂಗ ಕಾಣುತ್ತವೆ. ಅದೂ ನೋಡತಕ್ಕದ್ದೇ, ಆದರೆ ಜಲಪಾತ ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗುತ್ತದೆ.

ಏಕೆ ಹೀಗೆ ಎಂದು ತಿಳಿದುಕೊಂಡರೆ ನಿಮ್ಮ ಜಿಲ್ಲೆಯ ಪ್ರತಿಯೊಂದು ಹಳ್ಳವೂ ಅರ್ಥವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಗೆ ಸಿಗುವುದು 600ರ ಆಸುಪಾಸು. ಹೊಳಲ್ಕೆರೆ, ಹೊಸದುರ್ಗದ ಕಡೆ ಕೊಂಚ ಹೆಚ್ಚು, ಹಿರಿಯೂರಿನ ಕಡೆ ಇನ್ನೂ ಕಡಿಮೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದ ಮೇಲೇ ಬಹುಪಾಲು ಸುರಿದು, ಇಲ್ಲಿಗೆ ಬರುವಾಗ ಬರೀ ಗಾಳಿ ತರುತ್ತವೆ. ಆ ಗಾಳಿಯನ್ನೇ ನಂಬಿ ಜೋಗಿಮಟ್ಟಿ ಸಾಲಿನಲ್ಲೂ ಹೊಸದುರ್ಗದ ಗುಡ್ಡಗಳಲ್ಲೂ ಗಾಳಿಯಂತ್ರಗಳು ನಿಂತಿವೆ. ನಮಗೆ ಗಟ್ಟಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತಾ ಮಳೆಗಳು.

ಕಲ್ಲಿನ ಗುಣವೂ ಸೇರಿಕೊಂಡಿದೆ. ಕೋಟೆಯ ಬಂಡೆ ಗ್ರಾನೈಟ್. ಜೋಗಿಮಟ್ಟಿಯದು ಬೇರೆ: ಅತಿ ಪ್ರಾಚೀನ ಕಾಲದಲ್ಲಿ ನೀರಿನಡಿ ಲಾವಾ ಉಕ್ಕಿ ಹೆಪ್ಪುಗಟ್ಟಿದ ಕಪ್ಪು ಹಸಿರು ಶಿಲೆ. ಭೂವಿಜ್ಞಾನಿಗಳು ಈ ಶಿಲೆಯನ್ನು ಬೆಟ್ಟದ ಹಳೆಯ ಹೆಸರಿನಿಂದಲೇ ಜೋಗಿಮರಡಿ ಎಂದು ಕರೆಯುತ್ತಾರೆ. ಅದೇ ಜಾತಿಯ ಲಾವಾ ದಿಂಬುಗಳ ರೂಪದಲ್ಲಿ ಮರಡಿಹಳ್ಳಿಯಲ್ಲಿ ಕಾಣಸಿಗುತ್ತದೆ. ಆ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲು ಯಾವುದಾದರೂ ಫಲ ಒಂದೇ. ಮೇಲೆ ಮಣ್ಣು ತೆಳು, ಕೆಳಗೆ ಗಟ್ಟಿ ಬಂಡೆ, ನೀರು ಬಂದು ಸೇರುವ ಪ್ರದೇಶ ಚಿಕ್ಕದು. ಬಿದ್ದ ಮಳೆಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ಶಕ್ತಿ ಈ ಗುಡ್ಡಗಳಿಗಿಲ್ಲ. ಮಳೆ ಬಂದಾಗ ಹಳ್ಳ ಭೋರ್ಗರೆಯುತ್ತದೆ, ನಿಂತ ಕೆಲವು ದಿನಕ್ಕೆ ಇಳಿದುಹೋಗುತ್ತದೆ.

ಇದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಒತ್ತಿ ಹೇಳುತ್ತೇನೆ. ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ ಮಳೆ ಬೀಳುವುದು ಮಧ್ಯಾಹ್ನದ ನಂತರ, ಗುಡುಗು ಸಿಡಿಲಿನ ಜೊತೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ಹಿಂಬದಿಯಲ್ಲಿ ಸುರಿದ ಮಳೆಯ ನೀರು ಸ್ವಲ್ಪ ಹೊತ್ತಿನಲ್ಲೇ ನೀವು ಕೂತಿರುವ ಹಳ್ಳಕ್ಕೆ ನುಗ್ಗಬಹುದು. ಆಕಾಶ ಕಪ್ಪಾದರೆ, ತೊರೆಯ ನೀರು ಕೆಂಪಾದರೆ, ಫೋಟೊ ಬಿಟ್ಟು ಎತ್ತರದ ದಿಣ್ಣೆ ಹತ್ತಿ. ಸಿಡಿಲಿದ್ದಾಗ ಶಿಖರದ ಮೇಲೂ ಒಂಟಿ ಮರದ ಕೆಳಗೂ ನಿಲ್ಲಬಾರದು.

ಹಾಗಾದರೆ ಮೇ ತಿಂಗಳಲ್ಲಿ ಜೋಗಿಮಟ್ಟಿಗೆ ಹೋಗಲೇಬಾರದೇ? ಹೋಗಿ, ಆದರೆ ಶಿಖರಕ್ಕಾಗಿ ಹೋಗಿ. ಹಳೆಯ ಮೈಸೂರು ಗೆಜೆಟಿಯರ್ ಬರೆದಿರುವ ಲೆಕ್ಕದಲ್ಲಿ ಅದು 3,803 ಅಡಿ. ಬೆಳಗಿನ ಹೊತ್ತು ಮೇಲೆ ನಿಂತರೆ ಊರು, ಕೋಟೆ, ಕೆರೆಗಳು, ಸಾಲು ಗುಡ್ಡಗಳೆಲ್ಲ ಒಟ್ಟಿಗೆ ಕಾಣುತ್ತವೆ. ದಾರಿಯಲ್ಲಿ ತಿಮ್ಮಣ್ಣನಾಯಕನ ಕೆರೆ ಇದೆ, ಆಡುಮಲ್ಲೇಶ್ವರವಿದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಬರುವ ಒರತೆಯ ನೀರನ್ನು ನೋಡಿ. ದುರ್ಗದ ಗುಡ್ಡ ಬೇಸಿಗೆಯಲ್ಲಿ ಕೊಡುವ ನೀರು ಅಷ್ಟು, ಸಣ್ಣ ಧಾರೆ. ಜಲಪಾತಕ್ಕೆ ಅಕ್ಟೋಬರ್ ಮೊದಲ ವಾರದವರೆಗೆ ಕಾಯಿರಿ, ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಹೊರಡಿ.

ಬೇಸಿಗೆಯಲ್ಲೇ ಬೀಳುವ ನೀರು ನೋಡಬೇಕೆಂಬ ಹಟವಿದ್ದರೆ ಚಿಕ್ಕಮಗಳೂರು ಜಿಲ್ಲೆಯ ಕಡೆ ಮುಖ ಮಾಡಿ. ಕೆಮ್ಮಣ್ಣುಗುಂಡಿಯ ಹಾದಿಯ ಕಲ್ಲತ್ತಿಗಿರಿಯಲ್ಲಿ ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು ಇಳಿಯುತ್ತದೆ, ಮೇ ತಿಂಗಳಲ್ಲಿ ಧಾರೆ ತೆಳ್ಳಗಾಗಿದ್ದರೂ ಇರುತ್ತದೆ. ಅಲ್ಲಿಂದಾಚೆ ಹೆಬ್ಬೆ ಜಲಪಾತವಿದೆ. ಹೊಸದುರ್ಗ, ಹೊಳಲ್ಕೆರೆ ಕಡೆಯವರು ನಸುಕಿನಲ್ಲಿ ಹೊರಟರೆ ಒಂದೇ ದಿನದಲ್ಲಿ ಹೋಗಿ ಬರಬಹುದು.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಬೆಂಗಳೂರಿನಲ್ಲಿರುವ ಮೊಮ್ಮಕ್ಕಳು ರಜೆಗೆ ಬರುತ್ತಿದ್ದಾರೆ. ಹಿಮಾಲಯದ ಸರೋವರಗಳ ಚಿತ್ರ ತೋರಿಸಿ, ‘ತಾತ, ನಿಮ್ಮ ಕಡೆ ಬೆಟ್ಟದ ಮೇಲೆ ಕೆರೆ ಇದೆಯಾ?’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ಮನಸ್ಸು ಬರುತ್ತಿಲ್ಲ. ಏನು ತೋರಿಸಲಿ?
– ಓದುಗರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ಧೈರ್ಯವಾಗಿ ಇದೆ ಎನ್ನಿ. ಒಂದಲ್ಲ, ಸಾಲಾಗಿ ಇವೆ. ಹಿಮಾಲಯದ ಸರೋವರಗಳನ್ನು ಹಿಮ ಮಾಡಿತು, ನಮ್ಮವನ್ನು ಜನ ಮಾಡಿದರು. ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ತೋರಿಸಲು ಎರಡನೆಯದೇ ಮೇಲು.

ಚಿತ್ರದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿ ನೋಡಿ, ಏಕನಾಥೇಶ್ವರಿಗೆ ಕೈಮುಗಿದು, ಸುಸ್ತಾಗಿ ಇಳಿದುಬಿಡುತ್ತಾರೆ. ನೀವು ಮಕ್ಕಳನ್ನು ನೀರಿನ ಜಾಡು ಹಿಡಿಸಿ ನಡೆಸಿ. ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿ. ಸುತ್ತಲಿನ ಬಂಡೆಗಳ ಇಳಿಜಾರನ್ನು ಅವರಿಗೆ ತೋರಿಸಿ, ಮಳೆ ಬಂದರೆ ನೀರು ಎಲ್ಲಿಂದ ಹರಿದು ಎಲ್ಲಿಗೆ ಬರಬೇಕು ಎಂದು ಅವರನ್ನೇ ಕೇಳಿ. ಮಣ್ಣಿನ ನೆಲದಲ್ಲಿ ಬಿದ್ದ ಮಳೆಯ ಒಂದು ಪಾಲು ಇಂಗಿಹೋಗುತ್ತದೆ. ಬಂಡೆಯ ಮೇಲೆ ಬಿದ್ದದ್ದು ಹೆಚ್ಚು ಕಡಿಮೆ ಪೂರ್ತಿ ಹರಿಯುತ್ತದೆ. ಮೇಲೆ ನಾನು ಕೊರತೆಯೆಂದು ಹೇಳಿದ ಗಟ್ಟಿ ಕಲ್ಲನ್ನೇ ನಾಯಕರ ಕಾಲದವರು ಅನುಕೂಲ ಮಾಡಿಕೊಂಡರು. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಎತ್ತರ ತಗ್ಗುಗಳನ್ನು ಅಳೆದು, ಯಾವ ಯಂತ್ರವೂ ಇಲ್ಲದೆ, ಕೋಟೆಯಿಂದ ಪೇಟೆಯವರೆಗೆ ನೀರು ಇಳಿಸಿದ ಏರ್ಪಾಡು ಇದು. ಒಂದು ಹೊಂಡದಲ್ಲಿ ಹೂಳು ಕೂತು ಮುಂದಿನದಕ್ಕೆ ತಿಳಿನೀರು ಹೋಗುತ್ತಿತ್ತೆಂಬುದನ್ನೂ ಹೇಳಿ, ಮಕ್ಕಳಿಗೆ ಹಿಡಿಸುತ್ತದೆ. ಅಕ್ಕ-ತಂಗಿ ಹೊಂಡದ ಹೆಸರಿನ ಹಿಂದಿನ ಕಥೆ ನಿಮಗೆ ಗೊತ್ತೇ ಇರುತ್ತದೆ, ಅಲ್ಲೇ ಕೂತು ಹೇಳಿ. ದಾರಿಯುದ್ದಕ್ಕೂ ಬಂಡೆಯ ಮೇಲಿನ ದೊಣೆಗಳನ್ನೂ ತೋರಿಸಿ.

ಮರುದಿನಕ್ಕೆ ಚಂದ್ರವಳ್ಳಿ ಇಟ್ಟುಕೊಳ್ಳಿ. ಮೂರು ಕಡೆ ಗುಡ್ಡ, ನಡುವೆ ಕೆರೆ. ಬೆಟ್ಟದ ಸರೋವರ ಎಂದರೆ ಮಕ್ಕಳು ಮನಸ್ಸಿನಲ್ಲಿ ಕಟ್ಟಿಕೊಂಡಿರುವ ಚಿತ್ರಕ್ಕೆ ನಮ್ಮ ಜಿಲ್ಲೆಯಲ್ಲಿ ಅತಿ ಹತ್ತಿರದ್ದು ಅದೇ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ, ಕ್ರಿ.ಶ. 4ನೇ ಶತಮಾನದ್ದು. ಗೆದ್ದ ರಾಜರ ಪಟ್ಟಿಯ ಜೊತೆಗೇ ಕೆರೆ ಕಟ್ಟಿಸಿದ ಮಾತು ಅದರಲ್ಲಿದೆ. ಹದಿನಾರು ನೂರು ವರ್ಷದ ಹಿಂದಿನ ಅರಸನೊಬ್ಬ ಯುದ್ಧದ ಪಕ್ಕದಲ್ಲಿ ಕೆರೆಯನ್ನು ನಿಲ್ಲಿಸಿದ್ದನೆಂದರೆ, ಈ ನೆಲದಲ್ಲಿ ನೀರಿನ ಬೆಲೆ ಎಷ್ಟಿತ್ತೆಂದು ಬೇರೆ ಪಾಠ ಬೇಡ. ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದರು; ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಅಂಕಲಿ ಮಠದ ಗುಹೆಗಳಿಗೆ ಹೋಗುವಾಗ ಕೈದೀಪವಿರಲಿ, ದಾರಿ ಬಲ್ಲವರೊಬ್ಬರು ಜೊತೆಗಿರಲಿ.

ನಿಮ್ಮ ತಾಲ್ಲೂಕನ್ನು ಬಿಟ್ಟೆನೆಂದು ಬೇಸರ ಬೇಡ. ರಾಮಗಿರಿಯ ಕರಿಸಿದ್ದೇಶ್ವರ ಬೆಟ್ಟ ಮಕ್ಕಳ ಕಾಲಿಗೆ ಒಳ್ಳೆಯ ಅಭ್ಯಾಸ. ಹೊರಡುವ ಮೊದಲು ಹೊಳಲ್ಕೆರೆಯ ಬಯಲು ಗಣಪತಿಗೊಂದು ನಮಸ್ಕಾರ ಹಾಕಿಸಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಕೋಟೆ ಹತ್ತಬೇಕೆಂದು ಹಟ ಹಿಡಿದಿದ್ದಾನೆ. ಅತ್ತೆಯವರೂ ಬರುತ್ತೇನೆ ಎನ್ನುತ್ತಾರೆ, ಅವರಿಗೆ ಬಿಪಿ ಇದೆ. ಈ ಬಿಸಿಲಿನಲ್ಲಿ ಹೋಗುವುದು ಸರಿಯೇ?
– ಗೃಹಿಣಿ, ಹಿರಿಯೂರು

ಉತ್ತರ: ಹೋಗಬಹುದಮ್ಮ, ಗಡಿಯಾರ ನೋಡಿಕೊಂಡು. ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ನೀವು ಅಲ್ಲಿರಬೇಕು, ಹತ್ತು ಗಂಟೆಗೆ ಕೆಳಗಿರಬೇಕು. ಬಂಡೆ ಬಿಸಿಲನ್ನು ಕುಡಿದು ವಾಪಸು ಕಾರುತ್ತದೆ. ಹನ್ನೊಂದರ ಮೇಲೆ ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ಎರಡೂ ಸುಡುತ್ತವೆ. ಸಂಜೆ ತಂಪಾಗಿರುತ್ತದೆಂದು ನಾಲ್ಕಕ್ಕೆ ಹತ್ತುವವರಿದ್ದಾರೆ. ಬಂಡೆ ಆಗಲೂ ಕಾದೇ ಇರುತ್ತದೆ. ಬೆಳಗೇ ಸರಿ.

ದೊಡ್ಡವರಿಗೆ ತಲಾ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಿರಿ. ಬಾಯಾರಿಕೆಗೆ ಕಾಯದೆ ಆಗಾಗ ಗುಟುಕರಿಸಬೇಕು. ಹೊರಡುವ ಮುನ್ನ ರಾಗಿ ಅಂಬಲಿ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಅದಕ್ಕಿಂತ ಒಳ್ಳೆಯ ಪಾನೀಯ ಅಂಗಡಿಯಲ್ಲಿಲ್ಲ. ಔಷಧಿ ಅಂಗಡಿಯ ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಿರಲಿ. ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಬೇಕು, ರುಚಿಗೆಂದು ಅರ್ಧ ಲೋಟಕ್ಕೆ ಸುರಿಯಬಾರದು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಮಂಡಕ್ಕಿ ಮೆಣಸಿನಕಾಯಿ ಇಳಿದು ಬಂದ ಮೇಲೆ.

ನಿಮ್ಮ ಅತ್ತೆಯವರ ವಿಷಯ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರು ಕಡಿಮೆ ಮಾಡುತ್ತವೆ, ಉಪ್ಪಿನ ಪಾನೀಯವೂ ಎಲ್ಲರಿಗೂ ಒಗ್ಗುವುದಿಲ್ಲ. ಅವರ ವೈದ್ಯರನ್ನು ಒಂದು ಮಾತು ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮೊದಲ ಬಾಗಿಲುಗಳವರೆಗೆ ಬಂದು ನೆರಳಿನಲ್ಲಿ ಕೂರುವುದಕ್ಕೆ ಅವರು ಒಪ್ಪಿದರೆ ಎಲ್ಲರಿಗೂ ನೆಮ್ಮದಿ.

ಯಾರಿಗಾದರೂ ತಲೆನೋವು, ವಾಕರಿಕೆ, ಕಾಲು ಸೆಳೆತ ಬಂದರೆ ಹತ್ತುವುದು ಅಲ್ಲಿಗೇ ನಿಲ್ಲಬೇಕು. ನೆರಳು, ನೀರು, ವಿಶ್ರಾಂತಿ. ಮಾತು ತಡವರಿಸಿದರೆ, ಗೊಂದಲ ಕಂಡರೆ, ಮೈ ಕೆಂಡದಂತೆ ಕಾದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಪ್ರಶ್ನೆ: ವಾಣಿವಿಲಾಸ ಸಾಗರದ ಹಿನ್ನೀರು ನಮ್ಮೂರಿನಿಂದ ಹತ್ತಿರ. ಅಂಚಿನಲ್ಲಿ ನೀರು ಮೊಣಕಾಲುದ್ದವೂ ಇಲ್ಲ. ಗುಡ್ಡ ಸುತ್ತಿ ಬಂದು ಅಲ್ಲಿ ಈಜಿ ಹೋಗುವುದು ನಮ್ಮ ಹುಡುಗರ ರೂಢಿ. ಮನೆಯವರು ಬೈಯುತ್ತಾರೆ. ನಿಮ್ಮ ಅಭಿಪ್ರಾಯ?
– ಯುವ ಓದುಗ, ಹೊಸದುರ್ಗ ತಾಲ್ಲೂಕು

ಉತ್ತರ: ಮನೆಯವರು ಬೈಯುವುದು ಸರಿ. ಇಳಿಯಬೇಡಿ.

ಕಾರಣ ಹೇಳದೆ ಬೇಡ ಎಂದರೆ ನಿಮ್ಮ ವಯಸ್ಸಿನವರು ಕೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ಸಂದಿಯನ್ನು ಮುಚ್ಚಿ ವೇದಾವತಿಗೆ ಅಣೆಕಟ್ಟು ಕಟ್ಟಲು ಶುರು ಮಾಡಿದ್ದು 1898ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಕಾಲದಲ್ಲಿ, ಮುಗಿದದ್ದು 1907ರಲ್ಲಿ. ಸಾಮರ್ಥ್ಯ 30 ಟಿಎಂಸಿ, ಭರ್ತಿ ಮಟ್ಟ 130 ಅಡಿ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟಿದ ವೇದಾ, ಅವತಿ ಎರಡೂ ಕೂಡಿ ಬರುವ ನದಿ ಅದು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ನಡುವಿನ ಅಷ್ಟೂ ವರ್ಷ ನೀರು ಏರುತ್ತಿತ್ತು, ಇಳಿಯುತ್ತಿತ್ತು. ಇಳಿದ ಜಾಗದಲ್ಲಿ ಜನ ಉತ್ತರು, ಬಿತ್ತರು, ಬಾವಿ ತೋಡಿದರು, ಬೇಲಿ ಹಾಕಿದರು.

ಈಗ ಯೋಚಿಸಿ, ನೀವು ಮೊಣಕಾಲುದ್ದ ಎನ್ನುವ ನೀರಿನ ಕೆಳಗೆ ಏನಿದೆ? ಹೊಲದ ಬದು, ಹಳ್ಳದ ಹಳೆಯ ಪಾತ್ರ, ಮಣ್ಣು ತೆಗೆದ ಗುಂಡಿ, ಮುಳ್ಳು ಬೇಲಿ, ಬಾವಿ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು. ತಳದ ಹೂಳಿನಲ್ಲಿ ಕಾಲು ಸಿಕ್ಕಿದರೆ ಈಜು ಬಲ್ಲವನಿಗೂ ಎತ್ತಲಾಗುವುದಿಲ್ಲ. ಬಿಸಿಲಲ್ಲಿ ನಡೆದು ಬಂದ ಮೈ ಒಮ್ಮೆಲೇ ಆಳದ ತಣ್ಣನೆ ನೀರಿಗೆ ಬಿದ್ದರೆ ಉಸಿರು ಹಿಡಿದು, ಸ್ನಾಯು ಸೆಳೆಯುತ್ತದೆ. ಇದೇ ಮಾತು ಕೋಟೆಯ ಹೊಂಡಗಳಿಗೂ ಕಲ್ಲುಗಣಿಯ ಗುಂಡಿಗಳಿಗೂ ಚಂದ್ರವಳ್ಳಿ ಕೆರೆಗೂ ಅನ್ವಯಿಸುತ್ತದೆ. ಪಾಚಿ ಕಟ್ಟಿದ ಬಂಡೆಯಂಚು ಹಿಡಿದು ಮೇಲೆ ಬರಲು ಆಸರೆ ಸಿಗದು.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋದವರೂ ಜೊತೆಗೇ ಹೋಗುವುದು ಹೀಗೆಯೇ. ದಡದಲ್ಲಿ ಮಲಗಿ ಉದ್ದನೆ ಕೋಲು ಚಾಚಿ, ಪಂಚೆ, ಸೀರೆ, ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಈಜು ಕಲಿಯುವ ಆಸೆ ಒಳ್ಳೆಯದು, ಈಜುಕೊಳದಲ್ಲಿ ಕಲಿಸುವವರ ಎದುರು ಕಲಿಯಿರಿ. ಹಿನ್ನೀರನ್ನು ದಡದಿಂದ ನೋಡಿದರೂ ಅದು ಕಡಿಮೆಯದಲ್ಲ.

ಪ್ರಶ್ನೆ: ಊರು ಚಿತ್ರದುರ್ಗ, ಕೆಲಸ ಬೆಂಗಳೂರಿನಲ್ಲಿ. ವಾರಾಂತ್ಯಕ್ಕೆ ಸಹೋದ್ಯೋಗಿಗಳನ್ನು ಕರೆದುಕೊಂಡು ಬಂದು ಜೋಗಿಮಟ್ಟಿ ಕಾಡಿನಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯುವ ಆಸೆ. ನಾವು ಚಿಕ್ಕವರಿದ್ದಾಗ ಯಾರೂ ಕೇಳುತ್ತಿರಲಿಲ್ಲ. ಡ್ರೋನ್ ಹಾರಿಸಬಹುದೇ?
– ಓದುಗ, ಬೆಂಗಳೂರು

ಉತ್ತರ: ಟೆಂಟೂ ಬೇಡ, ಡ್ರೋನೂ ಬೇಡ. ನೀವು ಚಿಕ್ಕವರಿದ್ದಾಗ ಅದು ಮೀಸಲು ಅರಣ್ಯವಾಗಿತ್ತು. 2015ರಿಂದ ಜೋಗಿಮಟ್ಟಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವುದೇ ಅಪರಾಧ. ಹಗಲು ಹೋಗುವುದಕ್ಕೆ ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಶುಲ್ಕ ಕಟ್ಟಿ, ಅವರು ಹೇಳಿದ ಹಾದಿಯಲ್ಲಿ, ಹೇಳಿದ ಸಮಯದೊಳಗೆ ಹಿಂದಿರುಗಿ. ಹಿಮವತ್ ಕೇದಾರದ ಕಡೆ ಹೋಗುವ ಮೊದಲು ಆ ಹಾದಿ ತೆರೆದಿದೆಯೇ ಎಂದು ಇಲಾಖೆಯವರನ್ನು ವಿಚಾರಿಸಿ, ಬಲ್ಲವರನ್ನು ಜೊತೆಗೆ ಕಳುಹಿಸಲು ಕೇಳಿ. ಕಾಡಿನಲ್ಲಿ ಚಿರತೆ ಇದೆ, ಕರಡಿ ಇದೆ, ಕೊಂಡುಕುರಿ ಇದೆ. ಕರಡಿ ಓಡಾಡುವುದು ಹೆಚ್ಚಾಗಿ ನಸುಕು, ಮುಸ್ಸಂಜೆ, ರಾತ್ರಿ. ಬೇಸಿಗೆಯಲ್ಲಿ ಉಳಿದಿರುವ ಒಂದೆರಡು ಒರತೆಗಳಿಗೆ ನೀರಿಗೆ ಬರುವುದೂ ಆಗಲೇ. ನೀವು ಟೆಂಟ್ ಹಾಕಲು ಆರಿಸುವ ಜಾಗವೂ ಅದೇ ಒರತೆಯ ಪಕ್ಕ. ಅದರ ನೀರನ್ನು ಅದಕ್ಕೆ ಬಿಡಿ.

ಪ್ರಶ್ನೆ: ಚಪ್ಪಲಿಯಲ್ಲಿ ಬೆಟ್ಟ ಹತ್ತಬಹುದೇ? ಹೆಜ್ಜೇನಿನ ಭಯವೂ ಇದೆ.
– ಕಾಲೇಜು ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಹಳ್ಳಿಯವರು ಬರಿಗಾಲಲ್ಲೇ ಹತ್ತುತ್ತಾರೆ, ಅವರ ಪಾದ ಪಳಗಿದೆ. ನಿಮಗೆ ಹಿಮ್ಮಡಿ ಮುಚ್ಚುವ, ಅಡಿ ಜಾರದ ಬೂಟು ಬೇಕು. ಒಣಹುಲ್ಲಿನಲ್ಲಿ ಕೊಳಕುಮಂಡಲ ಕಾಣುವುದೇ ಇಲ್ಲ. ಕಾಲುದಾರಿ ಬಿಟ್ಟು ಇಳಿಯಬೇಡಿ, ನೋಡದೆ ಬಂಡೆ ಸಂದಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ. ಹೆಜ್ಜೇನು ಬಂಡೆಯ ಚಾಚಿನಡಿ ಗೂಡು ಕಟ್ಟುತ್ತದೆ. ಸೆಂಟು ಹಾಕಿಕೊಳ್ಳದೆ ಹೋಗಿ, ಗೂಡಿನ ಕೆಳಗೆ ಗದ್ದಲ, ಹೊಗೆ, ಕಲ್ಲೆಸೆತ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಿ, ನೀರಿಗೆ ಹಾರಬೇಡಿ.

ಪ್ರಶ್ನೆ: ಪ್ರತಿ ಬೇಸಿಗೆ ನಮ್ಮ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಚಾರಣಕ್ಕೆ ಬರುವವರು ಮೇಲೆ ಒಲೆ ಹೂಡಿ ಅಡುಗೆ ಮಾಡುತ್ತಾರೆ, ಕೇಳಿದರೆ ‘ಆರಿಸಿಯೇ ಹೋಗುತ್ತೇವೆ’ ಎನ್ನುತ್ತಾರೆ. ನಾವು ದನ ಕುರಿ ಮೇಯಿಸುವವರು. ಇದನ್ನು ನಿಮ್ಮ ಅಂಕಣದಲ್ಲಿ ಬರೆಯಿರಿ.
– ರೈತ, ಹೊಸದುರ್ಗ ತಾಲ್ಲೂಕು

ಉತ್ತರ: ಬಂದ ಪತ್ರಗಳಲ್ಲಿ ಇದೇ ಮುಖ್ಯವಾದದ್ದು, ಕೊನೆಗೆ ಬೇಕೆಂದೇ ಇಟ್ಟೆ.

ಜಲಪಾತ ಕೇಳಿ ಬರೆದ ವಿದ್ಯಾರ್ಥಿಯೂ ಇದನ್ನು ಓದಬೇಕು. ಹುಲ್ಲು, ಪೊದೆ, ತರಗೆಲೆಯ ಹೊದಿಕೆ ಮಳೆಹನಿಯ ಪೆಟ್ಟನ್ನು ತಡೆದು, ತೆಳು ಮಣ್ಣನ್ನು ಹಿಡಿದು, ಕೊಂಚವಾದರೂ ನೀರು ಇಂಗುವಂತೆ ಮಾಡುತ್ತವೆ. ಬೆಂಕಿ ಬಿದ್ದ ಗುಡ್ಡದ ಮೇಲೆ ಮೊದಲ ಗುಡುಗುಮಳೆ ಬಂದಾಗ ಬೂದಿಯೂ ಮಣ್ಣೂ ಒಟ್ಟಿಗೆ ತೊಳೆದು ಕೆಳಗಿನ ಕಟ್ಟೆ, ಕೆರೆಗೆ ಹೂಳಾಗಿ ಕೂರುತ್ತವೆ. ಒರತೆ ಬೇಗ ಬತ್ತುತ್ತದೆ, ಹಳ್ಳ ಇನ್ನೂ ಕಡಿಮೆ ದಿನ ಹರಿಯುತ್ತದೆ. ಹುಲ್ಲಿನಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ಸುಡುತ್ತದೆ, ನಿಮ್ಮ ದನಗಳ ಮೇವು ಹೋಗುತ್ತದೆ. ಜೋಗಿಮಟ್ಟಿಯ ಮೇಲೆ ಬೀಸುವ ಗಾಳಿಯಲ್ಲಿ ಒಂದು ಕಿಡಿ ಎಲ್ಲಿಗೆ ಹೋಗಿ ಬಿತ್ತೆಂದು ಆರಿಸಿದವನಿಗೆ ತಿಳಿಯುವುದೂ ಇಲ್ಲ. ಆರಿಸಿಯೇ ಹೋಗುತ್ತೇವೆ ಎನ್ನುವ ಮಾತಿಗೆ ಬೇಸಿಗೆಯಲ್ಲಿ ಬೆಲೆಯಿಲ್ಲ.

ಚಾರಣಕ್ಕೆ ಹೊರಡುವವರಲ್ಲಿ ನನ್ನ ಬೇಡಿಕೆ ಇದು: ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ, ಫೆಬ್ರುವರಿಯಿಂದ ಮುಂಗಾರು ಹಿಡಿಯುವವರೆಗೆ ಗುಡ್ಡದ ಮೇಲೆ ಬೀಡಿ, ಸಿಗರೇಟು, ಒಲೆ, ಕರ್ಪೂರ ಯಾವುದನ್ನೂ ಹಚ್ಚಬೇಡಿ. ಎಲ್ಲಾದರೂ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕೂಡಲೇ ಕರೆ ಮಾಡಿ, ಹತ್ತಿರದ ಹಳ್ಳಿಯವರಿಗೆ ತಿಳಿಸಿ.